ಮುದ್ರೆ ಒತ್ತಿದವರ ಹೊಣೆ

ನಮ್ಮ ಪಣಕಹಳ್ಳಿಯಿಂದ ಸತ್ಯಮಂಗಲಕ್ಕೆ ಹೋಗಬೇಕಾದವರು ದಿಂಬಂ ಘಟ್ಟದ ೨೭ ತಿರುವುಗಳನ್ನು ಇಳಿಯಲೇಬೇಕು. ಒಂದೊಂದು ತಿರುವಿನಲ್ಲಿಯೂ ಬಸ್ಸು ಕಣಿವೆಯ ಕಡೆಗೆ ವಾಲುವಾಗ, ಬ್ರೇಕು ಹಿಡಿದೀತೆಂಬ ನಂಬಿಕೆಯೊಂದೇ ನಮಗೆ ಆಧಾರ. ಆ ನಂಬಿಕೆಗೆ ಮೂಲವೇನೆಂದು ವಿಚಾರಿಸಿದರೆ, ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬರು ಆ ಬಸ್ಸನ್ನು ಪರೀಕ್ಷಿಸಿ ಸಹಿ ಮಾಡಿಕೊಟ್ಟ, ನಾವೆಲ್ಲರೂ ಎಫ್.ಸಿ. ಎಂದು ಕರೆಯುವ ಒಂದು ಕಾಗದ. ಅವರ ಮುಖವನ್ನು ನಾವು ಕಂಡಿಲ್ಲ; ಅವರೂ ನಮ್ಮನ್ನು ಕಂಡವರಲ್ಲ. ಆದರೂ ನಮ್ಮ ಪ್ರಾಣ ಅವರ ಸಹಿಯ ಮೇಲೆ ನಿಂತಿದೆ. ಸಂತೆಯಲ್ಲಿ ರಾಗಿ ಅಳೆಯುವ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೇಕು. ವ್ಯಾಪಾರಿಯು ಎಷ್ಟೇ ಸತ್ಯವಂತನಾಗಿರಲಿ, ತನ್ನ ಕಲ್ಲಿಗೆ ತಾನೇ ಮುದ್ರೆ ಒತ್ತಿಕೊಳ್ಳುವಂತಿಲ್ಲ. ಈ ಚಿಕ್ಕ ನಿಯಮದೊಳಗೆ ಎಷ್ಟು ದೊಡ್ಡ ತತ್ವ ಅಡಗಿದೆ ಎಂಬುದನ್ನು ವಿಮಾನಗಳ ಇತಿಹಾಸದಿಂದ ತೋರಿಸುವುದೇ ಈ ಲೇಖನದ ಉದ್ದೇಶ.

ವಿಮಾನಕ್ಕೂ ಪಣಕಹಳ್ಳಿಗೂ ಏನು ಸಂಬಂಧವೆಂದು ಕೆಲವು ವಾಚಕರು ಕೇಳಬಹುದು. ನಮ್ಮ ಮಕ್ಕಳು ಇಂದು ವಿಮಾನವನ್ನು ತಲೆಯ ಮೇಲೆ ಹಾರುವ ಚುಕ್ಕೆಯನ್ನಾಗಿ ಮಾತ್ರ ಕಾಣುತ್ತಿರಬಹುದು. ಆದರೆ ಅವರಲ್ಲಿ ಕೆಲವರು ನಾಳೆ ಅದರೊಳಗೆ ಕುಳಿತಾರು. ಒಬ್ಬಿಬ್ಬರು ಅದನ್ನು ಕಟ್ಟುವ ಕಾರ್ಖಾನೆಗೂ ಸೇರಿಯಾರು. ನಮ್ಮ ಬೆಟ್ಟಗಳ ಉತ್ತರಕ್ಕಿರುವ ಬೆಂಗಳೂರು ಭಾರತದ ವಿಮಾನ ನಿರ್ಮಾಣಕ್ಕೆ ತವರೂರು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ನಮ್ಮವರೇ ರೂಪಿಸಿದ ಎಚ್.ಟಿ.-೨ ಎಂಬ ತರಬೇತಿ ವಿಮಾನ ೧೯೫೧ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. ೧೯೬೧ರ ಜೂನ್ ೧೭ರಂದು 'ಮಾರುತ'ವೆಂಬ ಯುದ್ಧವಿಮಾನವನ್ನು ಸುರಂಜನ್ ದಾಸರು ಮೊದಲು ಹಾರಿಸಿದರು. ಅದೇ ಸಂತತಿಯ ಇನ್ನೊಂದು ವಿಮಾನವನ್ನು ಪರೀಕ್ಷಿಸುತ್ತಿದ್ದಾಗ, ೧೯೭೦ರ ಜನವರಿ ೧೦ರಂದು, ಅವರು ಪ್ರಾಣ ತೆತ್ತರು. ಬೆಂಗಳೂರಿನ ಒಂದು ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಕಾಗದದ ಮೇಲೆ ಬರೆದ ಒಂದು ರೇಖೆ ಸರಿಯೋ ತಪ್ಪೋ ಎಂಬುದನ್ನು ಕೊನೆಗೆ ಒಬ್ಬ ಮನುಷ್ಯನ ದೇಹವೇ ಪರೀಕ್ಷಿಸಬೇಕಾಗುತ್ತದೆ ಎಂಬುದಕ್ಕೆ ಆ ರಸ್ತೆಯ ಹೆಸರೇ ಸಾಕ್ಷಿ.

ವಿಮಾನಕ್ಕೆ ಮುದ್ರೆ ಬೀಳುವ ಕ್ರಮವನ್ನು ಮೊದಲು ತಿಳಿಯೋಣ. ಇಲ್ಲಿ ಎರಡು ಬಗೆಯ ಪ್ರಮಾಣಪತ್ರಗಳಿವೆ. ಮೊದಲನೆಯದು ವಿನ್ಯಾಸಕ್ಕೆ ಸಂಬಂಧಿಸಿದ್ದು. ಇದನ್ನು ಮಾದರಿ ಪ್ರಮಾಣಪತ್ರವೆನ್ನಬಹುದು. ಎರಡನೆಯದು ಆ ಮಾದರಿಯಂತೆ ಕಟ್ಟಿದ ಒಂದೊಂದು ವಿಮಾನಕ್ಕೂ ಪ್ರತ್ಯೇಕವಾಗಿ ಕೊಡುವ ಹಾರಾಟಯೋಗ್ಯತೆಯ ಪತ್ರ. ಪಾಠಪುಸ್ತಕದ ಹಸ್ತಪ್ರತಿಗೆ ಸಮಿತಿಯು ಒಪ್ಪಿಗೆ ಕೊಡುವುದು ಒಂದು. ಅಚ್ಚಾಗಿ ಬಂದ ಪ್ರತಿಯಲ್ಲಿ ಹಾಳೆಗಳು ಸರಿಯಾಗಿವೆಯೇ ಎಂದು ನೋಡುವುದು ಇನ್ನೊಂದು. ಹಸ್ತಪ್ರತಿಯಲ್ಲಿಯೇ ತಪ್ಪಿದ್ದರೆ ಅಚ್ಚಾದ ಎಲ್ಲ ಪ್ರತಿಗಳಲ್ಲಿಯೂ ತಪ್ಪಿರುವುದು. ಅದರಂತೆಯೇ ವಿನ್ಯಾಸದ ದೋಷ ಒಂದು ವಿಮಾನಕ್ಕೆ ಮಾತ್ರ ಸೀಮಿತವಾಗಿರದೆ ಆ ಜಾತಿಯ ಎಲ್ಲ ವಿಮಾನಗಳಲ್ಲಿಯೂ ಹೊಂಚು ಹಾಕಿ ಕುಳಿತಿರುತ್ತದೆ. ಆದುದರಿಂದಲೇ ಮೊದಲನೆಯ ಸಹಿಯ ತೂಕ ಹೆಚ್ಚು.

ಅಂತರರಾಷ್ಟ್ರೀಯವಾಗಿ ಇದಕ್ಕೆ ಬುನಾದಿ ೧೯೪೪ರ ಡಿಸೆಂಬರ್ ೭ರಂದು ಸಹಿಯಾದ ಷಿಕಾಗೋ ಒಪ್ಪಂದ. ಭಾರತದಲ್ಲಿ ೧೯೩೪ರ ವಿಮಾನ ಕಾಯಿದೆ ಮತ್ತು ೧೯೩೭ರ ನಿಯಮಗಳು ಬಹುಕಾಲ ಆಧಾರವಾಗಿದ್ದವು. ಆ ಕಾಯಿದೆಯ ಸ್ಥಾನಕ್ಕೆ ೨೦೨೪ರ ಭಾರತೀಯ ವಾಯುಯಾನ ಅಧಿನಿಯಮ ಬಂದು, ೨೦೨೫ರ ಜನವರಿ ೧ರಿಂದ ಜಾರಿಯಲ್ಲಿದೆ. ನಾಗರಿಕ ವಿಮಾನಗಳಿಗೆ ಪ್ರಮಾಣಪತ್ರ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೆಲಸ. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು ರೂಪಿಸಿದ 'ಹಂಸ' ಎಂಬ ಎರಡು ಆಸನದ ವಿಮಾನಕ್ಕೆ ೨೦೦೦ದಲ್ಲಿ ಈ ನಿರ್ದೇಶನಾಲಯವು ಮಾದರಿ ಪ್ರಮಾಣಪತ್ರ ನೀಡಿತು. ಸೇನಾ ವಿಮಾನಗಳನ್ನು ಪರೀಕ್ಷಿಸಿ ಒಪ್ಪುವ ಕೇಂದ್ರವೂ ಬೆಂಗಳೂರಿನಲ್ಲಿಯೇ ಇದೆ.

ಇಷ್ಟೆಲ್ಲ ಏರ್ಪಾಡು ಇದ್ದರೂ ಮುದ್ರೆ ಬಿದ್ದ ವಿಮಾನಗಳು ಬಿದ್ದಿವೆ. ಏಕೆ? ಇತಿಹಾಸವು ಈ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಡುವುದಿಲ್ಲ.

ಮೊದಲನೆಯ ಕಥೆ ನಮ್ಮ ದೇಶದ ನೆಲದ ಮೇಲೆಯೇ ನಡೆಯಿತು. ಜೆಟ್ ಎಂಜಿನಿನಿಂದ ಹಾರುವ ಮೊದಲ ಪ್ರಯಾಣಿಕ ವಿಮಾನವಾದ ಬ್ರಿಟನ್ನಿನ 'ಕಾಮೆಟ್' ೧೯೫೨ರ ಮೇ ೨ರಂದು ಸೇವೆಗೆ ಇಳಿಯಿತು. ಸರಿಯಾಗಿ ಒಂದು ವರ್ಷದ ಬಳಿಕ, ೧೯೫೩ರ ಮೇ ೨ರಂದು, ಕಲ್ಕತ್ತೆಯ ದಮ್‌ದಮ್‌ನಿಂದ ದಿಲ್ಲಿಗೆ ಹೊರಟ ಕಾಮೆಟ್ ಬಿರುಗಾಳಿಯಲ್ಲಿ ಸಿಕ್ಕಿ ಮುರಿದುಬಿತ್ತು. ಒಳಗಿದ್ದ ೪೩ ಮಂದಿಯೂ ಸತ್ತರು. ಬಿರುಗಾಳಿಯೇ ಕಾರಣವೆಂದು ಆಗ ತೀರ್ಮಾನವಾಯಿತು. ೧೯೫೪ರ ಜನವರಿ ೧೦ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು ಕಾಮೆಟ್ ನಿರ್ಮಲವಾದ ಆಕಾಶದಲ್ಲಿಯೇ ಒಡೆಯಿತು. ಆಗ ವಿಮಾನಗಳನ್ನು ನಿಲ್ಲಿಸಿದರು; ಹಲವು ಮಾರ್ಪಾಡುಗಳನ್ನು ಮಾಡಿದರು; ಕಾರಣ ಇನ್ನೂ ತಿಳಿಯದಿದ್ದರೂ ಮಾರ್ಚ್ ೨೩ರಂದು ಮತ್ತೆ ಹಾರಿಸಿದರು. ಏಪ್ರಿಲ್ ೮ರಂದು ನೇಪಲ್ಸ್ ಬಳಿ ಮೂರನೆಯದು ಸಮುದ್ರಕ್ಕೆ ಬಿತ್ತು. ಆಮೇಲೆಯೇ ಹಾರಾಟದ ಅನುಮತಿಯನ್ನು ಹಿಂತೆಗೆದುಕೊಂಡರು.

ಫಾರ್ನ್‌ಬರೋ ಎಂಬಲ್ಲಿ ವಿಜ್ಞಾನಿಗಳು ಒಂದು ಕಾಮೆಟ್ಟಿನ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಒತ್ತಡವನ್ನು ಏರಿಸಿ ಇಳಿಸಿ, ಹಾರಾಟಗಳನ್ನು ಅನುಕರಿಸಿದರು. ನಿಜವಾದ ೧,೨೨೧ ಮತ್ತು ಅನುಕರಿಸಿದ ೧,೮೩೬, ಒಟ್ಟು ೩,೦೫೭ ಹಾರಾಟಗಳಾದಾಗ ಲೋಹ ಸೀಳಿತು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಅದು ತುಂಡಾಗುವುದನ್ನು ನಮ್ಮ ಮಕ್ಕಳೂ ಬಲ್ಲರು. ಇದು ಲೋಹದ ದಣಿವು. ಹಾಗಾದರೆ ಕಂಪನಿಯವರು ಮೊದಲು ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದರು. ಅವರ ನಮೂನೆಯು ಸುಮಾರು ೧೬,೦೦೦ ಸಲದ ಒತ್ತಡವನ್ನು ತಾಳಿತ್ತು. ಆದರೆ ಅದೇ ನಮೂನೆಯನ್ನು ಅದಕ್ಕೂ ಮುಂಚೆ, ಗಟ್ಟಿತನವನ್ನು ನೋಡುವುದಕ್ಕಾಗಿ, ಮಾಮೂಲಿನ ಎರಡರಷ್ಟು ಒತ್ತಡಕ್ಕೆ ಗುರಿಮಾಡಿದ್ದರು. ಆ ಮೊದಲ ಒತ್ತಡದಿಂದ ಕಿಂಡಿಗಳ ಮೂಲೆಯ ಲೋಹ ತುಸು ಹಿಗ್ಗಿ, ದಣಿವಿಗೆ ಎದುರು ನಿಲ್ಲುವ ಹೆಚ್ಚಿನ ಶಕ್ತಿಯನ್ನು ಪಡೆದಿತ್ತು; ಪ್ರಯಾಣಿಕರ ವಿಮಾನಗಳಿಗೆ ಆ ಭಾಗ್ಯವಿರಲಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಪರೀಕ್ಷೆಯೇ ಪರೀಕ್ಷಕರನ್ನು ವಂಚಿಸಿತು. ಇದು ಅಜ್ಞಾನದಿಂದಾದ ದೋಷ; ಇದಕ್ಕೆ ನಾವು ಕಠಿಣವಾದ ಮಾತನ್ನಾಡಲಾರೆವು. ಆದರೆ ಕಾರಣ ತಿಳಿಯದೆ ಮತ್ತೆ ಹಾರಿಸಿದ್ದು ಅಜ್ಞಾನವಲ್ಲ. ತಮಗೆ ತಿಳಿದಿಲ್ಲವೆಂಬುದನ್ನು ತಿಳಿದೂ ಮುಂದುವರಿದದ್ದು. ಹೊಣೆಯ ಪ್ರಶ್ನೆ ಹುಟ್ಟುವುದು ಅಲ್ಲಿ.

ಎರಡನೆಯ ಕಥೆ ಇದಕ್ಕಿಂತ ಕಹಿಯಾದುದು. ಅಮೆರಿಕದ ಡಿ.ಸಿ.-೧೦ ವಿಮಾನದ ಸರಕಿನ ಬಾಗಿಲು, ಚಿಲಕ ಪೂರ್ತಿ ಬೀಳದಿದ್ದರೂ ಮುಚ್ಚಿದಂತೆ ಕಾಣುತ್ತಿತ್ತು. ೧೯೭೨ರ ಜೂನ್ ೧೨ರಂದು ಕೆನಡದ ವಿಂಡ್ಸರ್ ಎಂಬ ಊರಿನ ಮೇಲೆ ಆ ಬಾಗಿಲು ಆಕಾಶದಲ್ಲಿಯೇ ಕಿತ್ತುಹೋಯಿತು. ಚಾಲಕರ ಚಾತುರ್ಯದಿಂದ ಎಲ್ಲರೂ ಬದುಕಿದರು. ಹದಿನೈದು ದಿನಗಳಲ್ಲಿ, ವಿಮಾನದ ಒಡಲನ್ನು ಕಟ್ಟಿಕೊಡುತ್ತಿದ್ದ ಸಂಸ್ಥೆಯ ಎಂಜಿನಿಯರ್ ಡ್ಯಾನ್ ಆ್ಯಪಲ್‌ಗೇಟರು ತಮ್ಮ ಮೇಲಧಿಕಾರಿಗಳಿಗೆ ಒಂದು ಪತ್ರ ಬರೆದು, ಈ ಬಾಗಿಲುಗಳು ಮುಂದೆಯೂ ತೆರೆದುಕೊಳ್ಳುವುದು ನಿಶ್ಚಯ, ಆಗ ವಿಮಾನವೇ ನಾಶವಾದೀತು ಎಂಬರ್ಥದ ಎಚ್ಚರಿಕೆ ಕೊಟ್ಟರು. ರಿಪೇರಿಯ ಖರ್ಚು ಯಾರ ಮೇಲೆ ಬೀಳುವುದೆಂಬ ಚರ್ಚೆಯಲ್ಲಿ ಪತ್ರ ಮುಳುಗಿತು. ಸರ್ಕಾರದ ಇಲಾಖೆಯೂ ಕಡ್ಡಾಯದ ಆಜ್ಞೆ ಹೊರಡಿಸದೆ, ಕಂಪನಿಯ ಮುಖ್ಯಸ್ಥರೊಡನೆ ಬಾಯಿಮಾತಿನ ಒಪ್ಪಂದ ಮಾಡಿಕೊಂಡು ಸುಮ್ಮನಾಯಿತು.

೧೯೭೪ರ ಮಾರ್ಚ್ ೩ರಂದು ಪ್ಯಾರಿಸ್ ಬಳಿಯ ಎರ್ಮೆನೊನ್‌ವಿಲ್ ಕಾಡಿನಲ್ಲಿ ತುರ್ಕಿ ದೇಶದ ಡಿ.ಸಿ.-೧೦ ಬಿದ್ದು ೩೪೬ ಮಂದಿ ಸತ್ತರು. ಅದೇ ಬಾಗಿಲು. ಆ ವಿಮಾನದ ದಾಖಲೆಗಳನ್ನು ತೆರೆದು ನೋಡಿದಾಗ, ಬಾಗಿಲಿನ ಮಾರ್ಪಾಡು ಮುಗಿದಿದೆ ಎಂದು ತಪಾಸಣೆಗಾರರ ಮುದ್ರೆಗಳು ಒತ್ತಲ್ಪಟ್ಟಿದ್ದವು. ಆದರೆ ಆ ಕೆಲಸ ನಡೆದೇ ಇರಲಿಲ್ಲ! ಹಾಜರಿಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಗುರುತು ಹಾಕಿ, ಮಗುವೇ ಬಂದಿರದಿದ್ದರೆ ಆ ಪುಸ್ತಕಕ್ಕೆ ಏನು ಬೆಲೆ? ಉಪಾಧ್ಯಾಯರಾದ ನಮಗೆ ಈ ಘಟನೆ ಬಹಳ ಹತ್ತಿರದ್ದು.

ಮೂರನೆಯ ಕಥೆ ಬೆಂಗಳೂರಿನದು. ೧೯೯೦ರ ಫೆಬ್ರವರಿ ೧೪ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-೩೨೦ ವಿಮಾನ, ಹಳೆಯ ವಿಮಾನನಿಲ್ದಾಣದ ಓಡುದಾರಿಯನ್ನು ತಲಪುವ ಮೊದಲೇ ಗಾಲ್ಫ್ ಮೈದಾನದ ನೆಲವನ್ನು ಮುಟ್ಟಿ ಉರಿದುಹೋಯಿತು. ಒಳಗಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ಮಡಿದರು. ಈ ಜಾತಿಯ ವಿಮಾನಗಳು ನಮ್ಮ ದೇಶಕ್ಕೆ ಬಂದು ಆಗ ಒಂದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ವಿಮಾನದ ಎಂಜಿನುಗಳು ಕನಿಷ್ಠ ಶಕ್ತಿಯಲ್ಲಿದ್ದು ವೇಗ ಕುಂದುತ್ತಿದ್ದುದನ್ನು ಚಾಲಕರು ಸಕಾಲದಲ್ಲಿ ಗ್ರಹಿಸಲಿಲ್ಲವೆಂದು ನಿರ್ಣಯವಾಯಿತು. ಇಳಿಯುವ ದರವನ್ನು ನಿಗದಿಮಾಡುವ ಗುಂಡಿಯನ್ನು ತಿರುಗಿಸುವ ಬದಲು ಎತ್ತರವನ್ನು ನಿಗದಿಮಾಡುವ ಗುಂಡಿಯನ್ನು ತಿರುಗಿಸಿರುವ ಸಂಭವವನ್ನೂ ವಿಚಾರಣೆ ಗುರುತಿಸಿತು.

ತಪ್ಪು ಗುಂಡಿ ತಿರುಗಿಸಿದವರದು ತಪ್ಪು, ಒಪ್ಪೋಣ. ಆದರೆ ಒಂದೇ ಸಾಲಿನಲ್ಲಿ ಎರಡು ಗುಂಡಿಗಳನ್ನಿಟ್ಟು, ಅವಸರದ ಗಳಿಗೆಯಲ್ಲಿ ಮನುಷ್ಯನ ಕೈ ತಪ್ಪದೆಂದು ನಂಬಿದ ವಿನ್ಯಾಸಕ್ಕೂ ಅದನ್ನು ಒಪ್ಪಿದ ಸಹಿಗೂ ಪಾಲಿಲ್ಲವೇ? ಎರಡು ವರ್ಷಗಳ ಮೇಲೆ, ೧೯೯೨ರ ಜನವರಿ ೨೦ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿಯ ಬೆಟ್ಟಕ್ಕೆ ಇಂಥದೇ ವಿಮಾನ ಬಡಿದು ೮೭ ಮಂದಿ ಸತ್ತರು. ಅಲ್ಲಿ ಮೂರು ಚಿಲ್ಲರೆ ಡಿಗ್ರಿಯ ಇಳಿಜಾರನ್ನು ಕೇಳಿದ್ದೇವೆಂದು ಚಾಲಕರು ಭಾವಿಸಿ, ನಿಮಿಷಕ್ಕೆ ೩,೩೦೦ ಅಡಿಗಳ ಇಳಿತವನ್ನು ವಿಮಾನಕ್ಕೆ ಆಜ್ಞಾಪಿಸಿದ್ದ ಸಂಭವವಿದೆಯೆಂದು ತನಿಖೆ ಹೇಳಿತು. ಎರಡೂ ಒಂದೇ ಕಿಟಕಿಯಲ್ಲಿ, ಹೆಚ್ಚುಕಡಮೆ ಒಂದೇ ಬಗೆಯ ಅಂಕಿಗಳಲ್ಲಿ ಕಾಣುತ್ತಿದ್ದವು. ಆಮೇಲೆ ಇಳಿತದ ದರ ನಾಲ್ಕು ಅಂಕಿಗಳಲ್ಲಿ ಕಾಣುವಂತೆ ಮಾರ್ಪಡಿಸಿದರು. ಅಷ್ಟು ಚಿಕ್ಕ ತಿದ್ದುಪಡಿ! ಮಕ್ಕಳು ಮೇಲಿಂದ ಮೇಲೆ ಒಂದೇ ಲೆಕ್ಕವನ್ನು ತಪ್ಪು ಮಾಡಿದರೆ, ಮಕ್ಕಳನ್ನು ಬಯ್ಯುವ ಮೊದಲು ಪ್ರಶ್ನೆಯ ವಾಕ್ಯವನ್ನೂ ಒಮ್ಮೆ ಓದಿ ನೋಡುವುದು ಒಳ್ಳೆಯ ಉಪಾಧ್ಯಾಯನ ಲಕ್ಷಣ.

ನಾಲ್ಕನೆಯ ಕಥೆಯೂ ಬೆಂಗಳೂರಿನ ಸಮೀಪದ್ದೇ. ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯವು ೧೪ ಆಸನಗಳ 'ಸಾರಸ್' ಎಂಬ ವಿಮಾನವನ್ನು ರೂಪಿಸಿತು. ಅದರ ಮೊದಲ ಮೂಲಮಾದರಿ ೨೦೦೪ರ ಮೇ ೨೯ರಂದು ಹಾರಿತು. ಎರಡನೆಯ ಮೂಲಮಾದರಿಯನ್ನು ೨೦೦೯ರ ಮಾರ್ಚ್ ೬ರಂದು ವಾಯುಪಡೆಯ ಮೂವರು ಅಧಿಕಾರಿಗಳು ಪರೀಕ್ಷೆಗೆ ಕೊಂಡೊಯ್ದರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ. ಒಂದು ಎಂಜಿನನ್ನು ಬೇಕೆಂದೇ ನಿಲ್ಲಿಸಿ ಆಕಾಶದಲ್ಲಿಯೇ ಮತ್ತೆ ಹೊತ್ತಿಸುವುದು ಅಂದಿನ ಪರೀಕ್ಷೆಗಳಲ್ಲೊಂದು. ಬಿಡದಿ ಸಮೀಪದ ಶೇಷಗಿರಿಹಳ್ಳಿಯ ಬಳಿ ವಿಮಾನ ಹತೋಟಿ ತಪ್ಪಿ ಬಿದ್ದು ಮೂವರೂ ಅಸುನೀಗಿದರು.

ತನಿಖೆಯ ವರದಿಯು, ಎಂಜಿನನ್ನು ಮತ್ತೆ ಹೊತ್ತಿಸಲು ವಿನ್ಯಾಸಕಾರರು ರೂಪಿಸಿದ್ದ ವಿಧಾನವೇ ತಪ್ಪಾಗಿತ್ತು, ಅದನ್ನು ಸಾಲದಷ್ಟು ಎತ್ತರದಲ್ಲಿ ಅನುಸರಿಸಲಾಯಿತು ಎಂದು ಹೇಳಿತು. ಆ ವಿಧಾನವನ್ನು ಗೊತ್ತುಮಾಡುವಾಗ ಪ್ರೊಪೆಲರ್ ತಯಾರಕರನ್ನು ವಿಚಾರಿಸಿರಲಿಲ್ಲವೆಂದೂ, ಮೊದಲ ಪ್ರಯತ್ನ ವಿಫಲವಾದಾಗ ಪರೀಕ್ಷೆಯನ್ನು ಕೈಬಿಡಲಿಲ್ಲವೆಂದೂ, ಚಾಲಕರ ನಡುವಣ ಹೊಂದಾಣಿಕೆಯೂ ಸಾಲದಾಗಿತ್ತೆಂದೂ ವರದಿ ತೋರಿಸಿತು. ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ನಾಗರಿಕ ವಿಮಾನಗಳಿಗೆ ಪ್ರಮಾಣಪತ್ರ ಕೊಡಬೇಕಾದ ಮಹಾನಿರ್ದೇಶನಾಲಯವೇ ಅಂದು ಅಪಘಾತವನ್ನೂ ತನಿಖೆ ಮಾಡಿತು. ಆ ತನಿಖೆ ಪ್ರಾಮಾಣಿಕವಾಗಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಒಪ್ಪಿಗೆ ಕೊಡುವ ಕೈಯೇ ತಪ್ಪನ್ನು ಹುಡುಕಬೇಕಾಗಿ ಬಂದಾಗ, ತನ್ನ ಪಾಲಿನ ತಪ್ಪನ್ನು ಅದು ಎಷ್ಟು ನಿಷ್ಠುರವಾಗಿ ಹುಡುಕೀತು ಎಂಬ ಸಂದೇಹಕ್ಕೆ ಎಡೆಯಾಗುತ್ತದೆ. ಅಂಥ ಸಂದೇಹವೇ ವ್ಯವಸ್ಥೆಗೆ ಹಾನಿಕರ. ೨೦೧೨ರಲ್ಲಿ ವಿಮಾನ ಅಪಘಾತ ತನಿಖಾ ಮಂಡಲಿಯನ್ನು ಬೇರೆಯಾಗಿ ಸ್ಥಾಪಿಸಿ, ೨೦೨೦ರ ತಿದ್ದುಪಡಿಯಿಂದ ಅದಕ್ಕೆ ಕಾನೂನಿನ ಸ್ಥಾನ ಕೊಟ್ಟದ್ದು ಸರಿಯಾದ ಹೆಜ್ಜೆ. ಸುಧಾರಿಸಿದ ಸಾರಸ್ ೨೦೧೮ರ ಜನವರಿ ೨೪ರಂದು ಮತ್ತೆ ಹಾರಿತು.

ಕೊನೆಯ ಕಥೆ ಜಗತ್ತೆಲ್ಲ ಬಲ್ಲದ್ದು. ಬೋಯಿಂಗ್ ೭೩೭ ಮ್ಯಾಕ್ಸ್ ವಿಮಾನಕ್ಕೆ ಅಮೆರಿಕದ ಇಲಾಖೆ ೨೦೧೭ರ ಮಾರ್ಚ್‌ನಲ್ಲಿ ಪ್ರಮಾಣಪತ್ರ ಕೊಟ್ಟಿತು. ಅದರಲ್ಲಿ ಮೂತಿಯನ್ನು ತಾನಾಗಿಯೇ ಕೆಳಗೆ ತಳ್ಳುವ ಒಂದು ಹೊಸ ಏರ್ಪಾಡಿತ್ತು. ಅದು ಒಂದೇ ಒಂದು ಸಂವೇದಕದ ಮಾತನ್ನು ನಂಬುತ್ತಿತ್ತು. ಅದರ ವಿವರಣೆ ಚಾಲಕರ ಕೈಪಿಡಿಯಲ್ಲಿ ಇರಲಿಲ್ಲ. ೨೦೧೮ರ ಅಕ್ಟೋಬರ್ ೨೯ರಂದು ಇಂಡೊನೇಷ್ಯದಲ್ಲಿ ೧೮೯ ಮಂದಿ ಸತ್ತರು. ಆ ವಿಮಾನದ ಕ್ಯಾಪ್ಟನ್ ದಿಲ್ಲಿಯವರಾದ ಭವ್ಯೆ ಸುನೇಜ. ೨೦೧೯ರ ಮಾರ್ಚ್ ೧೦ರಂದು ಇಥಿಯೋಪಿಯದಲ್ಲಿ ೧೫೭ ಮಂದಿ ಸತ್ತರು. ಕೂಡಿದರೆ ೩೪೬, ಎರ್ಮೆನೊನ್‌ವಿಲ್ ಕಾಡಿನಲ್ಲಿ ಸತ್ತವರ ಸಂಖ್ಯೆಯೂ ಅದೇ. ೪೫ ವರ್ಷಗಳಲ್ಲಿ ಪಾಠ ಮರೆತುಹೋಗಿತ್ತೆಂದು ಲೆಕ್ಕವೇ ಹೇಳುವಂತಿದೆ.

ವಿಚಾರಣೆಗಳಿಂದ ತಿಳಿದುಬಂದದ್ದೇನು? ವಿನ್ಯಾಸದ ಬಹುಭಾಗವನ್ನು ಪರೀಕ್ಷಿಸಿ ಒಪ್ಪುವ ಅಧಿಕಾರವನ್ನು ಇಲಾಖೆಯು ಕಂಪನಿಯ ನೌಕರರಿಗೇ ವಹಿಸಿಕೊಟ್ಟಿತ್ತು. ಹಿಂದೆ ಇಂಥ ಪ್ರತಿನಿಧಿಗಳನ್ನು ಇಲಾಖೆಯೇ ಆರಿಸುತ್ತಿತ್ತು. ಹೊಸ ಪದ್ಧತಿಯಲ್ಲಿ ಕಂಪನಿಯೇ ಆರಿಸತೊಡಗಿತು. ವ್ಯಾಪಾರಿಯ ಗುಮಾಸ್ತನ ಕೈಗೇ ತೂಕದ ಕಲ್ಲಿನ ಮುದ್ರೆಯನ್ನು ಕೊಟ್ಟ ಹಾಗಾಯಿತು. ಗುಮಾಸ್ತನು ಸತ್ಯವಂತನೇ ಇರಬಹುದು. ಆದರೆ ತಿಂಗಳ ಕೊನೆಗೆ ಸಂಬಳ ಕೊಡುವವನ ಎದುರು 'ಈ ಕಲ್ಲು ಸರಿಯಿಲ್ಲ' ಎನ್ನಲು ಎಷ್ಟು ಧೈರ್ಯ ಬೇಕು! ಕಂಪನಿಯು ೨೦೨೧ರ ಜನವರಿಯಲ್ಲಿ ದಂಡ ಮತ್ತು ಪರಿಹಾರವಾಗಿ ೨೫೦ ಕೋಟಿ ಡಾಲರುಗಳಿಗೆ ಒಪ್ಪಿತು. ಕಂಪನಿಯ ಒಬ್ಬ ಮಾಜಿ ಚಾಲಕರ ಮೇಲೆ ಮಾತ್ರ ಮೊಕದ್ದಮೆ ನಡೆದು, ೨೦೨೨ರ ಮಾರ್ಚ್‌ನಲ್ಲಿ ಪಂಚರು ಅವರನ್ನು ನಿರ್ದೋಷಿಯೆಂದರು. ಸಹಿಗಳು ನೂರಾರು; ಉತ್ತರ ಹೇಳಬೇಕಾದವರು ಯಾರೆಂಬುದು ಮಾತ್ರ ಆ ನೂರಾರು ಸಹಿಗಳ ನಡುವೆ ಕರಗಿಹೋಯಿತು.

ಈ ಐದು ಕಥೆಗಳಿಂದ ನಾವು ಗ್ರಹಿಸಿದ ತಾತ್ಪರ್ಯವನ್ನು ವಾಚಕರ ಮುಂದಿಡುತ್ತೇವೆ. ಹೊಣೆಗಾರಿಕೆ ಎಂದರೆ ಅಪಘಾತವಾದ ಮೇಲೆ ಒಬ್ಬನನ್ನು ಹಿಡಿದು ಶಿಕ್ಷಿಸುವುದಲ್ಲ. ಶಿಕ್ಷೆಯ ಭಯ ಮಿತಿಮೀರಿದರೆ ಜನರು ತಪ್ಪನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ತಪ್ಪು ಮತ್ತೊಮ್ಮೆ ಕೊಲ್ಲುತ್ತದೆ. ಆದರೆ ಯಾರಿಗೂ ಯಾವ ಭಯವೂ ಇಲ್ಲದಿದ್ದರೆ ಮುದ್ರೆಯು ಬರಿಯ ಮಸಿಯಾಗುತ್ತದೆ. ಆದುದರಿಂದ ನಾಲ್ಕು ಕಟ್ಟಳೆಗಳು ಬೇಕು. ಕಟ್ಟುವವನೂ ಒಪ್ಪುವವನೂ ಬೇರೆಯಾಗಿರಬೇಕು. ಅವರ ಅನ್ನದ ಮೂಲವೂ ಬೇರೆಯಾಗಿರಬೇಕು. ಪ್ರತಿಯೊಂದು ಒಪ್ಪಿಗೆಯ ಕೆಳಗೆ, ಏನನ್ನು ನೋಡಿ ಒಪ್ಪಿದೆನೆಂಬ ವಿವರದೊಡನೆ, ಒಬ್ಬ ಮನುಷ್ಯನ ಹೆಸರಿರಬೇಕು. ಆ್ಯಪಲ್‌ಗೇಟರಂತೆ 'ಇದು ಸರಿಯಿಲ್ಲ' ಎಂದವರ ಮಾತು ಒಪ್ಪಿಗೆಯಷ್ಟೇ ಜೋಪಾನವಾಗಿ ದಾಖಲಾಗಿ, ಉತ್ತರ ಪಡೆಯದೆ ಕಡತ ಮುಚ್ಚಬಾರದು. ಒಮ್ಮೆ ಕೊಟ್ಟ ಪ್ರಮಾಣಪತ್ರವು ಕೊನೆಯ ಮಾತಲ್ಲವೆಂದು ತಿಳಿದು, ಮೊದಲ ಅಪಾಯದ ಸೂಚನೆಯಲ್ಲಿಯೇ ಅದನ್ನು ಮತ್ತೆ ತೆರೆದು ನೋಡಬೇಕು. ವಿಂಡ್ಸರ್ ಆದ ಮೇಲೆ ನೋಡಿದ್ದರೆ ಎರ್ಮೆನೊನ್‌ವಿಲ್ ಆಗುತ್ತಿರಲಿಲ್ಲ. ಇಂಡೊನೇಷ್ಯ ಆದ ಮೇಲೆ ನಿಲ್ಲಿಸಿದ್ದರೆ ಇಥಿಯೋಪಿಯ ಆಗುತ್ತಿರಲಿಲ್ಲ.

ಇದು ದೊಡ್ಡವರ ಮಾತು, ನಮಗೇಕೆ ಎನ್ನುವ ಹಾಗಿಲ್ಲ. ೨೦೦೪ರ ಜುಲೈ ೧೬ರಂದು ನಮ್ಮ ರಾಜ್ಯದ ಕುಂಭಕೋಣದ ಒಂದು ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಹುಲ್ಲುಮಾಡಿಗೆ ತಗುಲಿ ೯೪ ಎಳೆಯ ಮಕ್ಕಳು ಬೆಂದುಹೋದರು. ಆ ಶಾಲೆಗೂ ಮಾನ್ಯತೆಯಿತ್ತು. ಆ ಮಾನ್ಯತೆಯ ಕೆಳಗೂ ಸಹಿಯಿತ್ತು. ಅಂದಿನಿಂದ ಶಾಲೆಯ ಕಟ್ಟಡದ ದೃಢತೆಗೂ ಬೆಂಕಿಯ ರಕ್ಷಣೆಗೂ ಪ್ರಮಾಣಪತ್ರಗಳನ್ನು ನಮ್ಮಲ್ಲಿ ಹೆಚ್ಚು ಕಟ್ಟುನಿಟ್ಟಾಗಿ ಕೇಳುತ್ತಾರೆ. ಆ ಕಾಗದಗಳು ಕಪಾಟಿನಲ್ಲಿ ಕ್ರಮವಾಗಿ ಇದ್ದರೆ ಸಾಲದು. ಗೋಡೆಯ ಬಿರುಕನ್ನು ಕಣ್ಣಾರೆ ಕಂಡವರು ಅದನ್ನು ಬರೆದಿಡಬೇಕು, ಉತ್ತರ ಬರುವವರೆಗೆ ಕೇಳುತ್ತಿರಬೇಕು. ನಾವೂ ದಿನನಿತ್ಯ ಸಹಿ ಮಾಡುವವರು: ಹಾಜರಿಗೆ, ಅಂಕಪಟ್ಟಿಗೆ, ಮಧ್ಯಾಹ್ನದ ಊಟದ ಲೆಕ್ಕಕ್ಕೆ. ನೋಡದೆ ಹಾಕಿದ ಒಂದು ಸಹಿಗೂ ನಡೆಯದ ಕೆಲಸಕ್ಕೆ ಒತ್ತಿದ ಆ ಮುದ್ರೆಗಳಿಗೂ ಅಂತರ ಗಾತ್ರದಲ್ಲಿ ಮಾತ್ರ, ಗುಣದಲ್ಲಿ ಅಲ್ಲ.

ವಿದ್ಯಾರ್ಥಿಮಿತ್ರರು ಮುಂದೆ ಯಾವ ಕಾಗದಕ್ಕೆ ಸಹಿ ಮಾಡುವಾಗಲೂ ಆ ಕಾಗದದ ಆಚೆ, ತಾವು ಎಂದಿಗೂ ಕಾಣದ ಒಬ್ಬ ಪ್ರಯಾಣಿಕ ಕುಳಿತಿದ್ದಾನೆಂದು ಒಂದು ಗಳಿಗೆ ನೆನೆಯಲಿ. ದಿಂಬಂ ಘಟ್ಟವನ್ನು ಇಳಿಯುವ ನಮಗೆ ಆ ಪ್ರಯಾಣಿಕನು ಅಪರಿಚಿತನಲ್ಲ. ಇಷ್ಟೇ ನಮ್ಮ ಬಿನ್ನಹ.